ಚರ್ಚಿನ ಆರ್ಗನ್, ಅಟ್ಲಾಂಟಾದ ಬೀಟ್: ಲೆಕ್ರೇ ಯಾರ ಜೊತೆ ಹಾಡುತ್ತಾರೆ, ಯಾಕೆ?

2024ರ ಸೆಪ್ಟೆಂಬರ್‌ನಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್ ಯಾವ ಸುಳಿವೂ ಕೊಡದೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಹಾಡು ಹಾಕಿದರು. ಇನ್ನೊಬ್ಬ ರ‍್ಯಾಪರ್ ಡ್ರೇಕ್ ಜೊತೆಗಿನ ಜಗಳ ನಡೆದು ಕೆಲವೇ ತಿಂಗಳಾಗಿತ್ತು. ಹಾಡಿನ ತುಂಬ ಸಿಟ್ಟು, ಬೇಸರ. ಹಿಪ್-ಹಾಪ್ ಲೋಕ ಹಾಳಾಗಿದೆ, ಈ ಮೋಜು ಮುಗಿಯಲಿ ಅನ್ನುವ ಧಾಟಿ. ಅದರ ನಡುವೆ ಲೆಕ್ರೇ ಹೆಸರು ಬರುತ್ತದೆ. ಲೆಕ್ರೇ ನನ್ನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದರು, ಇವರಿಗೆಲ್ಲ ನಾಲ್ಕು ಬಾರಿಸುತ್ತಿದ್ದರಾ ಇಲ್ಲ ಪ್ರಾರ್ಥನೆಯ ಶಕ್ತಿ ತೋರಿಸುತ್ತಿದ್ದರಾ ಅಂತ ಕೆಂಡ್ರಿಕ್ ಕೇಳಿಕೊಳ್ಳುತ್ತಾರೆ.

ಕೆಂಡ್ರಿಕ್ ಅಂದರೆ 2018ರಲ್ಲಿ ಪುಲಿಟ್ಜರ್ ಎಂಬ ದೊಡ್ಡ ಪ್ರಶಸ್ತಿ ಪಡೆದ ರ‍್ಯಾಪರ್. ಅಂಥವರು ತಮ್ಮ ಸಿಟ್ಟು ಸರಿಯೋ ತಪ್ಪೋ ಅಂತ ನೋಡಿಕೊಳ್ಳಲು ಒಬ್ಬ ಕ್ರೈಸ್ತ ರ‍್ಯಾಪರ್ ಹೆಸರು ಎತ್ತಿದ್ದು ಬಹಳ ಜನರಿಗೆ ಅಚ್ಚರಿ ತಂದಿತು. ಅಲ್ಲಿಯವರೆಗೆ ಲೆಕ್ರೇ ಹೆಸರೇ ಕೇಳದವರೂ ಅವತ್ತು ಯಾರಿದು ಅಂತ ಹುಡುಕಿದರು. ಆದರೆ ಅವರನ್ನು ಮೊದಲಿಂದ ಕೇಳಿಕೊಂಡು ಬಂದವರಿಗೆ ಇದು ಆಕಸ್ಮಿಕ ಅನಿಸಲಿಲ್ಲ. ಚರ್ಚಿನ ಒಳಗೂ ಪೂರ್ತಿ ನಿಲ್ಲದೆ, ಹೊರಗೂ ಪೂರ್ತಿ ಹೋಗದೆ, ಎರಡೂ ಕಡೆಯವರ ಬೈಗುಳ ತಿಂದು ಈ ಮನುಷ್ಯ ಇಷ್ಟು ದೂರ ಬಂದಿದ್ದಾರೆ.

ಲೆಕ್ರೇ ಏನು ನಂಬುತ್ತಾರೆ ಅಂತ ಅವರ ಸಾಲುಗಳಲ್ಲಿ ಹುಡುಕುವವರೇ ಜಾಸ್ತಿ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ದಾರಿ ಇದೆ. ಹಾಡಿನಲ್ಲಿ ಜೊತೆಗೆ ಯಾರಿದ್ದಾರೆ, ಬೀಟ್ (ಮಾತಿನ ಹಿಂದೆ ಓಡುವ ಸಂಗೀತ) ಯಾರದ್ದು ಅಂತ ನೋಡಬೇಕು. ಅವರ ನಂಬಿಕೆ, ಜಗಳ, ಮುರಿದುಬಿದ್ದ ಸಂಬಂಧ, ಮತ್ತೆ ಕಟ್ಟಿಕೊಂಡ ಬದುಕು ಎಲ್ಲವೂ ಆ ಹೆಸರುಗಳಲ್ಲೇ ಸಿಗುತ್ತದೆ.

ಪೂರ್ತಿ ಹೆಸರು ಲೆಕ್ರೇ ಡೆವಾನ್ ಮೂರ್. ಹುಟ್ಟಿದ್ದು 1979ರಲ್ಲಿ, ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಬೆಳೆಸಿದ್ದು ತಾಯಿ ಒಬ್ಬರೇ. ಕಾಲೇಜು ದಿನಗಳಲ್ಲಿ ಕ್ರೈಸ್ತ ನಂಬಿಕೆಗೆ ಬಂದರು. 2004ರಲ್ಲಿ ಬೆನ್ ವಾಷರ್ ಜೊತೆ ಸೇರಿ ರೀಚ್ ರೆಕಾರ್ಡ್ಸ್ ಅನ್ನುವ ಸ್ವಂತ ಲೇಬಲ್ ಶುರು ಮಾಡಿದರು. ಅದೇ ವರ್ಷ ಮೊದಲ ಆಲ್ಬಂ. ಟ್ರಿಪ್ ಲೀ, ಟೆಡಾಶೀ, ಶೋ ಬರಾಕಾ ಮುಂತಾದವರು ಸೇರಿ 116 ಅನ್ನುವ ಗುಂಪಾಯಿತು. ರೋಮಾಪುರದವರಿಗೆ ಪೌಲನು ಬರೆದ ಪತ್ರದ ಒಂದನೇ ಅಧ್ಯಾಯ, ಹದಿನಾರನೇ ವಚನ ಅಂತ ಅದರ ಅರ್ಥ. ಸುವಾರ್ತೆಯ ವಿಷಯದಲ್ಲಿ ನನಗೆ ನಾಚಿಕೆ ಇಲ್ಲ ಅನ್ನುವ ಮಾತು ಅಲ್ಲಿದೆ. ಹುಡುಗರು ಆ ಅಂಕಿಯನ್ನು ಟೀ-ಶರ್ಟ್ ಮೇಲೆ ಹಾಕಿಕೊಂಡು ತಿರುಗಿದರು.

ಕ್ರೈಸ್ತ ರ‍್ಯಾಪ್ ಇವರಿಂದ ಶುರುವಾದದ್ದಲ್ಲ. 1985ರಲ್ಲೇ ಸ್ಟೀಫನ್ ವೈಲಿ ಕ್ಯಾಸೆಟ್ ತಂದಿದ್ದರು. ತೊಂಬತ್ತರ ದಶಕದಲ್ಲಿ ಫಿಲಡೆಲ್ಫಿಯಾದ ಕ್ರಾಸ್ ಮೂವ್‌ಮೆಂಟ್ ಗುಂಪು ದೇವಶಾಸ್ತ್ರವನ್ನೇ ರ‍್ಯಾಪ್ ಮಾಡಿತು. ಮಾತಲ್ಲಿ ತೂಕ ಇತ್ತು. ಕಷ್ಟ ಇದ್ದದ್ದು ಸದ್ದಿನಲ್ಲಿ. ಕ್ರೈಸ್ತ ರ‍್ಯಾಪ್‌ನ ಎಷ್ಟೋ ಹಾಡುಗಳು ಬೀದಿಯ ಸದ್ದನ್ನು ಒಂದೆರಡು ವರ್ಷ ತಡವಾಗಿ ನಕಲು ಮಾಡುತ್ತಿದ್ದವು. ಅಮೆರಿಕದ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಆಗ ಒಂದು ಪಟ್ಟಿ ನೇತುಹಾಕುತ್ತಿದ್ದರು. ನಿಮ್ಮ ಮಗನಿಗೆ ಇಂಥ ಗಾಯಕ ಇಷ್ಟವಾ, ಹಾಗಾದರೆ ಅವನ ಬದಲು ಈ ಕ್ರೈಸ್ತ ಗಾಯಕನ ಸಿಡಿ ಕೊಡಿಸಿ ಅಂತ. ಕೊಳ್ಳುವವರು ತಂದೆತಾಯಿ, ಕೇಳುವವರು ಮಕ್ಕಳು. ಇಡೀ ವ್ಯಾಪಾರವೇ ಬದಲಿ ಸರಕಿನ ಮೇಲೆ ನಿಂತಿತ್ತು.

ಲೆಕ್ರೇ ಕೂಡ ಮೊದಲು ಇದೇ ಅಂಗಡಿಯ ಸರಕು. 2008ರ ‘ರೆಬೆಲ್’ ಆಲ್ಬಂ, ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಗಾಸ್ಪೆಲ್ (ಕಪ್ಪುಜನರ ಚರ್ಚಿನ ಭಕ್ತಿಸಂಗೀತ) ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಒಂದು ಹಿಪ್-ಹಾಪ್ ಆಲ್ಬಂ ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಅದರಲ್ಲಿ ಜಾನ್ ಪೈಪರ್ ಎಂಬ ಹೆಸರಾಂತ ಬಿಳಿಯ ಪಾಸ್ಟರ್ ಬರೆದ ಪುಸ್ತಕದ ಹೆಸರಿನಲ್ಲೇ ಒಂದು ಹಾಡಿದೆ. ಜೊತೆಗೆ ಹಾಡುವವರೆಲ್ಲ ಚರ್ಚಿನವರೇ, ಕೇಳುವವರೂ ಚರ್ಚಿನವರೇ. ಈಗ ಮತ್ತೆ ಕೇಳಿದರೆ ಬಿಸಿ ಇದೆ, ನಿಷ್ಠೆ ಇದೆ. ಆದರೆ ಉಸಿರಾಡಲು ಜಾಗ ಕಡಿಮೆ. ಪ್ರತಿ ಸಾಲೂ ಪ್ರಸಂಗ, ಅಂದರೆ ಚರ್ಚಿನ ಬೋಧನೆ, ಮುಗಿಸುವ ಆತುರದಲ್ಲಿದೆ.

2012ರಲ್ಲಿ ಇದು ಬದಲಾಯಿತು. ‘ಚರ್ಚ್ ಕ್ಲೋತ್ಸ್’ ಅನ್ನುವ ಮಿಕ್ಸ್‌ಟೇಪನ್ನು (ಹಾಡುಗಳ ಸಂಗ್ರಹ) ಪುಕ್ಕಟೆಯಾಗಿ ಅಂತರ್ಜಾಲಕ್ಕೆ ಬಿಟ್ಟರು. ಎರಡು ದಿನ ತುಂಬುವುದರೊಳಗೆ ಒಂದು ಲಕ್ಷ ಡೌನ್‌ಲೋಡ್ ಆಯಿತು. ಅದನ್ನು ನಡೆಸಿಕೊಟ್ಟವರು ಡಿಜೆ ಡಾನ್ ಕ್ಯಾನನ್. ಅಮೆರಿಕದ ದಕ್ಷಿಣ ಭಾಗದ ಬೀದಿ ರ‍್ಯಾಪ್‌ನಲ್ಲಿ ಆ ಹೆಸರಿಗೆ ಇರುವ ಬೆಲೆ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಹೆಜ್ಜೆ ಅಂತ ಕೂಡಲೇ ಗೊತ್ತಾಯಿತು. ಒಂದು ಬೀಟ್ ನೈನ್ತ್ ವಂಡರ್ ಅವರದ್ದು, ಖ್ಯಾತ ರ‍್ಯಾಪರ್ ಜೇ-ಝೀಗೆ ಬೀಟ್ ಕೊಟ್ಟವರು. ಒಂದು ಹಾಡಲ್ಲಿ ನೋ ಮ್ಯಾಲಿಸ್ ಇದ್ದಾರೆ. ಕ್ಲಿಪ್ಸ್ ಜೋಡಿಯಲ್ಲಿ ತಮ್ಮನ ಜೊತೆ ವರ್ಷಗಟ್ಟಲೆ ಕೊಕೇನ್ ಮಾರಾಟದ ಕಥೆ ಹಾಡಿ, ಆಮೇಲೆ ನಂಬಿಕೆಗೆ ತಿರುಗಿ ಹೆಸರನ್ನೇ ಬದಲಿಸಿಕೊಂಡವರು ಅವರು.

ಲೆಕ್ರೇ ಇಲ್ಲಿ ಹಿಡಿದ ದಾರಿ ತುಂಬ ಸರಳ. ಬೀದಿಯ ಸದ್ದನ್ನು ನಕಲು ಮಾಡೋದು ಯಾಕೆ, ಆ ಸದ್ದು ಮಾಡಿದವರನ್ನೇ ಕರೆಯೋಣ ಅಂತ. ಹೀಗೆ ಮಾಡಿದಾಗ ಬೀಟ್ ಜೊತೆ ಒಂದು ಜವಾಬ್ದಾರಿಯೂ ಬರುತ್ತದೆ. ನೈನ್ತ್ ವಂಡರ್ ಬೀಟ್ ಮೇಲೆ ಸುಮ್ನೆ ಘೋಷಣೆ ಕೂಗಿದರೆ ನಡೆಯೋದಿಲ್ಲ. ಸಾಲು ಕಟ್ಟಬೇಕು, ಪ್ರಾಸ ಹೊಂದಿಸಬೇಕು, ಕಥೆ ಹೇಳಬೇಕು. ಲೆಕ್ರೇ ಅವರ ಬರವಣಿಗೆ ಚುರುಕಾದದ್ದು ಇಲ್ಲಿಂದಲೇ. ಅದೇ ವರ್ಷದ ‘ಗ್ರ್ಯಾವಿಟಿ’ ಆಲ್ಬಂನಲ್ಲಿ ಮಿಸ್ಸಿಸಿಪ್ಪಿಯ ರ‍್ಯಾಪರ್ ಬಿಗ್ ಕ್ರಿಟ್ ಬಂದರು. ಮೊದಲ ವಾರ 72 ಸಾವಿರ ಪ್ರತಿ ಹೋಯಿತು. 2013ರಲ್ಲಿ ಅತ್ಯುತ್ತಮ ಗಾಸ್ಪೆಲ್ ಆಲ್ಬಂ ಗ್ರ್ಯಾಮಿಯೂ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಹಿಪ್-ಹಾಪ್ ಕಲಾವಿದ ಅವರೇ.

ಚರ್ಚಿನ ಕಡೆಯಿಂದ ತಕರಾರು ಬರದೆ ಇರುತ್ತದಾ? ನಂಬಿಕೆ ಇಲ್ಲದವರ ಜೊತೆ ನೊಗಕ್ಕೆ ಹೆಗಲು ಕೊಡಬೇಡಿ ಅಂತ ಬೈಬಲ್ಲಿನಲ್ಲೇ ಇದೆ ಎಂದರು. ಆ ಸಿಟ್ಟಿನ ಹಿಂದೆ ಒಂದು ನಿಜವಾದ ಭಯ ಇತ್ತು. ಅದನ್ನು ಮೂಢತನ ಅಂತ ನಾನು ತಳ್ಳಿಹಾಕೋದಿಲ್ಲ. ಗಾಸ್ಪೆಲ್ ಬಿಟ್ಟು ಹೊರಗೆ ಹೋದ ಗಾಯಕರ ದೊಡ್ಡ ಸಾಲೇ ಅಮೆರಿಕದಲ್ಲಿದೆ. ಸ್ಯಾಮ್ ಕುಕ್ ಹೋದಾಗಲೂ ಇದೇ ನೋವು, ಇದೇ ಮಾತು. ತಮ್ಮ ಹುಡುಗ ಕೈತಪ್ಪಿ ಹೋಗುತ್ತಾನೆ ಅನ್ನುವ ಆತಂಕ ಅದು.

ಆದರೆ ಬೇಲಿ ಎಷ್ಟು ಬಿಗಿ ಇತ್ತು ಅನ್ನೋದನ್ನೂ ಹೇಳಬೇಕು. 2016ರಲ್ಲಿ ಶೋ ಬರಾಕಾ ಒಂದು ಆಲ್ಬಂ ತಂದರು. ತಮ್ಮದೇ ಲೈಂಗಿಕ ದೌರ್ಬಲ್ಯವನ್ನು ಒಪ್ಪಿಕೊಳ್ಳುವ ಹಾಡಲ್ಲಿ ದೇಹದ ಒಂದು ಅಂಗದ ಹೆಸರು ಬಂತು. ಅಷ್ಟಕ್ಕೇ ಲೈಫ್‌ವೇ ಅನ್ನುವ ದೊಡ್ಡ ಕ್ರೈಸ್ತ ಅಂಗಡಿ ಜಾಲ ಆ ಆಲ್ಬಮನ್ನು ಕಪಾಟಿನಿಂದ ತೆಗೆಯಿತು. ಪಾಪ ಒಪ್ಪಿಕೊಳ್ಳುವುದನ್ನೇ ಕಲಿಸುವ ಧರ್ಮದ ಅಂಗಡಿಯಲ್ಲಿ, ಒಪ್ಪಿಕೊಂಡ ಹಾಡಿಗೇ ಜಾಗ ಸಿಗಲಿಲ್ಲ. ಆ ವ್ಯವಸ್ಥೆಯನ್ನು ನಂಬಿಕೊಂಡು ರ‍್ಯಾಪ್ ಬೆಳೆಯುವುದು ಕಷ್ಟವೇ ಇತ್ತು.

2014ರ ಸೆಪ್ಟೆಂಬರ್‌ನ ‘ಅನಾಮಲಿ’ ಮೊದಲ ವಾರ 88 ಸಾವಿರ ಪ್ರತಿ ಮಾರಿ ಎಲ್ಲ ಬಗೆಯ ಆಲ್ಬಂಗಳ ಮುಖ್ಯ ಪಟ್ಟಿಯಾದ ಬಿಲ್‌ಬೋರ್ಡ್ 200ರ ತುದಿಗೆ ಬಂತು. ಒಂದೇ ಆಲ್ಬಂ ಆ ಪಟ್ಟಿಯನ್ನೂ ಗಾಸ್ಪೆಲ್ ಪಟ್ಟಿಯನ್ನೂ ಗೆದ್ದದ್ದು ಅದೇ ಮೊದಲು. ಈ ಆಲ್ಬಂನ ‘ವೆಲ್‌ಕಮ್ ಟು ಅಮೆರಿಕಾ’ ಹಾಡನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಮೂರು ಭಾಗ, ಮೂರು ಜನ. ಮೊದಲನೆಯವನು ಅಮೆರಿಕದ ಬಡ ಕೇರಿಯಲ್ಲೇ ಹುಟ್ಟಿದವನು, ದೇಶ ತನಗೇನೂ ಕೊಡಲಿಲ್ಲ ಅನ್ನುವವನು. ಎರಡನೆಯವನು ಯುದ್ಧ ಮಾಡಿ ಮರಳಿದ ಸೈನಿಕ, ಬಂದ ಮೇಲೆ ತನ್ನನ್ನು ಕೇಳುವವರೇ ಇಲ್ಲ. ಮೂರನೆಯವನು ಹೊರದೇಶದವನು, ಈ ನೆಲದಲ್ಲಿ ಕಾಲಿಡಲು ಏನು ಬೇಕಾದರೂ ಮಾಡಲು ಸಿದ್ಧ. ಲೆಕ್ರೇ ದನಿಯನ್ನೂ ಉಚ್ಚಾರಣೆಯನ್ನೂ ಬದಲಿಸುತ್ತಾ ಹೋಗುತ್ತಾರೆ. ಡ್ರಮ್ ಭಾರವಾಗಿ, ಮೆರವಣಿಗೆಯ ಹಾಗೆ ಹೊಡೆಯುತ್ತದೆ. ಹಾಡಲ್ಲಿ ಪ್ರಸಂಗ ಇಲ್ಲ. ಮೂವರಲ್ಲಿ ಯಾರು ಸರಿ ಅನ್ನುವ ತೀರ್ಪೂ ಇಲ್ಲ. ‘ರೆಬೆಲ್’ ಬರೆದ ಲೆಕ್ರೇ ಕೈಯಲ್ಲಿ ಇದು ಆಗುತ್ತಿರಲಿಲ್ಲ.

ಅದೇ ಆಲ್ಬಂನಲ್ಲಿ ಇನ್ನೊಂದು ಬಗೆಯ ಹಾಡೂ ಇದೆ. ‘ಮೆಸೆಂಜರ್ಸ್’ ಅನ್ನುವ ಹಾಡಲ್ಲಿ ಫಾರ್ ಕಿಂಗ್ ಆ್ಯಂಡ್ ಕಂಟ್ರಿ ಎಂಬ ಸೋದರರ ಪಾಪ್ ಜೋಡಿ ಜೊತೆಗಿದೆ. ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ದೊಡ್ಡದು, ಇಂಪಾಗಿದೆ, ರ‍್ಯಾಪ್ ಅದರ ನಡುವೆ ಹದವಾಗಿ ಕೂತಿದೆ. ಇದಕ್ಕೆ ಕಾರಣ ಸುಲಭ. ಅಮೆರಿಕದ ಕ್ರೈಸ್ತ ರೇಡಿಯೋ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕುಟುಂಬಗಳನ್ನು ನಂಬಿಕೊಂಡಿದೆ. ಅಲ್ಲಿ ಬರೀ ರ‍್ಯಾಪ್ ಹಾಕುವುದು ಕಡಿಮೆ. ಹಾಡುವ ದನಿಯೊಂದು ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ. ಅಂದರೆ ಯಾರನ್ನು ಕರೆಯುತ್ತೀರಿ ಅನ್ನೋದರ ಮೇಲೆ ಹಾಡು ಎಲ್ಲಿ ಮೊಳಗುತ್ತದೆ ಅನ್ನೋದು ನಿಂತಿದೆ. ಈ ಹಾಡಿಗೆ ಕ್ರೈಸ್ತ ವಿಭಾಗದಲ್ಲಿ ಗ್ರ್ಯಾಮಿ ಸಿಕ್ಕಿತು. ಅದೇ ವರ್ಷ ಅದೇ ಆಲ್ಬಂನ ಇನ್ನೊಂದು ಹಾಡು ರ‍್ಯಾಪ್ ವಿಭಾಗದಲ್ಲಿ ಕೆಂಡ್ರಿಕ್, ಎಮಿನೆಮ್, ಡ್ರೇಕ್ ಜೊತೆ ನಾಮನಿರ್ದೇಶನಗೊಂಡಿತು. ಗೆದ್ದದ್ದು ಕೆಂಡ್ರಿಕ್.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. 2018ರಲ್ಲಿ ಲೆಕ್ರೇ ಇಡೀ ಒಂದು ಆಲ್ಬಮನ್ನು ಝೇಟೋವನ್ ಜೊತೆ ಮಾಡಿದರು. ಹೆಸರು ‘ಲೆಟ್ ದ ಟ್ರ್ಯಾಪ್ ಸೇ ಆಮೆನ್’. ಟ್ರ್ಯಾಪ್ ಅಂದರೆ ಅಟ್ಲಾಂಟಾದ ಬೀದಿಮಾತಿನಲ್ಲಿ ಮಾದಕವಸ್ತು ಮಾರುವ ಜಾಗ. ಅಲ್ಲಿಂದ ಬಂದ ಸಂಗೀತಕ್ಕೂ ಅದೇ ಹೆಸರು. ಎದೆಗೆ ಗುದ್ದುವ 808 ಡ್ರಮ್ ಯಂತ್ರದ ಬೇಸ್, ಪಟಪಟ ಅಂತ ಓಡುವ ಹೈ-ಹ್ಯಾಟ್ ತಾಳ, ಮೇಲೆ ತೇಲುವ ಪಿಯಾನೋ ಅಥವಾ ಆರ್ಗನ್. ಗೂಚಿ ಮೇನ್, ಮಿಗೋಸ್ ಇವರ ಆರಂಭದ ದೊಡ್ಡ ಹಾಡುಗಳಿಗೆ ಬೀಟ್ ಮಾಡಿ ಆ ಸದ್ದಿಗೆ ರೂಪ ಕೊಟ್ಟವರಲ್ಲಿ ಝೇಟೋವನ್ ಮುಖ್ಯರು.

ಈ ಝೇಟೋವನ್ ಕೈ ಪಳಗಿದ್ದು ಚರ್ಚಿನಲ್ಲಿ. ತಂದೆ ಬೋಧಕರು. ವಾರವೆಲ್ಲ ಸ್ಟುಡಿಯೋದಲ್ಲಿ ಬೀದಿಯ ರ‍್ಯಾಪರ್‌ಗಳ ಜೊತೆ ಕೂತು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಹೆಸರು ಬಂದ ಮೇಲೂ ಅದನ್ನು ಬಿಡಲಿಲ್ಲ. ಅವರ ಟ್ರ್ಯಾಪ್ ಬೀಟ್ ಯಾವುದನ್ನಾದರೂ ಹಾಕಿ, ಡ್ರಮ್ ಮರೆತು ಬೆರಳುಗಳ ಓಟ ಮಾತ್ರ ಕೇಳಿ. ಪಾಸ್ಟರ್ ಮಾತು ಮುಗಿಸುವ ಹೊತ್ತಿಗೆ ಹಿಂದಿನಿಂದ ಕೀಬೋರ್ಡಿನವರು ಸಣ್ಣಗೆ ತುಂಬುತ್ತಾರಲ್ಲ, ಅದೇ ನುಡಿಸಾಣಿಕೆ. ಹಾಗಾದರೆ ಲೆಕ್ರೇ ಲೋಕದ ಸಂಗೀತವನ್ನು ಸಾಲ ತಂದರು ಅನ್ನುವ ಆರೋಪಕ್ಕೆ ಏನು ಅರ್ಥ ಉಳಿಯಿತು? ಆ ಸಂಗೀತದ ಅರ್ಧ ಮೈ ಮೊದಲೇ ಚರ್ಚಿನದ್ದು. ಮಾರುವವರು ಹಾಕಿದ ಗೋಡೆ ಸದ್ದಿನಲ್ಲಿ ಇಲ್ಲವೇ ಇಲ್ಲ. ಆ ಆಲ್ಬಂನ ಎಲ್ಲ ಹಾಡೂ ಗಟ್ಟಿಯಾಗಿಲ್ಲ, ಕೆಲವು ಬೇಗ ಮರೆತುಹೋಗುತ್ತವೆ. ಆದರೂ ಲೆಕ್ರೇ ಮಾಡಿದ ವಾದಗಳಲ್ಲಿ ಇದೇ ಬಲವಾದದ್ದು ಅಂತ ನನಗನಿಸುತ್ತದೆ.

ಸದ್ದು ಯಾರ ಸ್ವತ್ತು ಅನ್ನುವ ಪ್ರಶ್ನೆ ಕೋರ್ಟಿಗೂ ಹೋಗಿತ್ತು. ಫ್ಲೇಮ್ ಅನ್ನುವ ಕ್ರೈಸ್ತ ರ‍್ಯಾಪರ್ ಹಾಡು ‘ಜಾಯ್‌ಫುಲ್ ನಾಯ್ಸ್’ 2008ರದ್ದು. ಲೆಕ್ರೇ ಅದರಲ್ಲಿ ಒಂದು ಭಾಗ ಹಾಡಿದ್ದಾರೆ. ಪಾಪ್ ಗಾಯಕಿ ಕೇಟಿ ಪೆರಿಯ ‘ಡಾರ್ಕ್ ಹಾರ್ಸ್’ ಬಂದದ್ದು 2013ರಲ್ಲಿ. ಎರಡರಲ್ಲೂ ಸಿಂಥ್‌ನಲ್ಲಿ ಎಂಟು ಸ್ವರದ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಒಂದೇ ಸ್ವರ ಸಮ ಲಯದಲ್ಲಿ ಕೆಲವು ಸಲ, ಆಮೇಲೆ ಕೆಳಗಿಳಿಯುತ್ತದೆ. 2014ರಲ್ಲಿ ಫ್ಲೇಮ್ ಮತ್ತು ಜೊತೆಗಾರರು ಕೇಸು ಹಾಕಿದರು. ಲೆಕ್ರೇ ಮೊದಲು ಅದರಲ್ಲಿದ್ದರು, ಆಮೇಲೆ ಹೊರಬಂದರು. ಹಣದ ಮಾತಿನ ಜೊತೆ ಇನ್ನೊಂದು ದೂರೂ ಇತ್ತು. ಕೇಟಿ ಪೆರಿ ವಿಡಿಯೋದ ಮಾಟಮಂತ್ರದ ಚಿತ್ರಗಳಿಂದ ತಮ್ಮ ಭಕ್ತಿಯ ಹಾಡಿಗೆ ಮಸಿ ಬಳಿದಂತಾಯಿತು ಅಂತ. 2019ರಲ್ಲಿ ಜ್ಯೂರಿ ಫ್ಲೇಮ್ ಪರ ನಿಂತು 27.8 ಲಕ್ಷ ಡಾಲರ್ ಕೊಡಬೇಕು ಎಂದಿತು. 2020ರ ಮಾರ್ಚ್‌ನಲ್ಲಿ ನ್ಯಾಯಾಧೀಶೆ ಅದನ್ನು ತಳ್ಳಿಹಾಕಿದರು. 2022ರಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಷ್ಟು ಸಣ್ಣ, ಸಾಮಾನ್ಯ ಸ್ವರಗುಚ್ಛ ಯಾರೊಬ್ಬರ ಆಸ್ತಿಯೂ ಆಗಲಾರದು ಅನ್ನುವುದು ತೀರ್ಪಿನ ತಿರುಳು. ಕಾನೂನಿನ ಪ್ರಕಾರ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಕ್ರೈಸ್ತ ರ‍್ಯಾಪ್ ಯಾವಾಗಲೂ ಹಿಂದಿನಿಂದ ನಕಲು ಮಾಡುತ್ತದೆ ಅನ್ನುತ್ತಿದ್ದವರು, ಇಲ್ಲಿ ಆ ಹಾಡೇ ಮೊದಲು ಬಂದಿತ್ತು ಅನ್ನೋದನ್ನು ನೆನಪಿಡಬೇಕು ಅಲ್ವಾ?

ಲೆಕ್ರೇಗೆ ನಿಜವಾದ ಪೆಟ್ಟು ಬಿದ್ದದ್ದು ಬೀಟ್ ವಿಷಯದಲ್ಲಿ ಅಲ್ಲ. 2014ರ ಆಗಸ್ಟ್‌ನಲ್ಲಿ ಫರ್ಗ್ಯುಸನ್‌ನಲ್ಲಿ ಪೊಲೀಸ್ ಗುಂಡಿಗೆ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಸತ್ತ. ಲೆಕ್ರೇ ಅದರ ಬಗ್ಗೆ ಮಾತಾಡಿದರು, ಬರೆದರು. 2016ರ ಜುಲೈ 4ರಂದು, ದೇಶ ಸ್ವಾತಂತ್ರ್ಯ ದಿನ ಆಚರಿಸುತ್ತಿದ್ದಾಗ, ಗುಲಾಮರ ಚಿತ್ರ ಹಾಕಿ 1776ರಲ್ಲಿ ನನ್ನ ಕುಟುಂಬ ಹೀಗಿತ್ತು ಎಂದರು. ಅವರ ಕೇಳುಗರಲ್ಲಿ ದೊಡ್ಡ ಪಾಲು ಬಿಳಿಯರ ಚರ್ಚುಗಳ ಯುವಕ ಸಂಘಗಳಿಂದ ಬಂದವರು. ಯೇಸುವಿನ ಬಗ್ಗೆ ಹಾಡಿದಾಗ ಚಪ್ಪಾಳೆ ಹೊಡೆದವರು ಇದಕ್ಕೆ ಮುಖ ತಿರುಗಿಸಿದರು. 2017ರಲ್ಲಿ ಟ್ರೂಥ್ಸ್ ಟೇಬಲ್ ಪಾಡ್‌ಕಾಸ್ಟಿನಲ್ಲಿ, ಬಿಳಿಯರ ಇವ್ಯಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಕ್ರೈಸ್ತರ) ಲೋಕದಿಂದ ತಾನು ಬಿಡುಗಡೆ ಪಡೆದ ಬಗ್ಗೆ ಲೆಕ್ರೇ ಬಿಚ್ಚಿ ಮಾತಾಡಿದರು. ಅದಕ್ಕೆ ಜಾನ್ ಪೈಪರ್ ಉದ್ದದ ಬರಹದಲ್ಲಿ ಉತ್ತರಿಸಿದರು. ಒಂದು ಕಾಲದಲ್ಲಿ ಯಾರ ಪುಸ್ತಕದ ಹೆಸರನ್ನು ಹಾಡಿಗೆ ಇಟ್ಟಿದ್ದರೋ, ಅವರೇ.

ಅದೇ ಹೊತ್ತಿಗೆ ಕೊಲಂಬಿಯಾ ಎಂಬ ದೊಡ್ಡ ಲೇಬಲ್ ಜೊತೆ ‘ಆಲ್ ಥಿಂಗ್ಸ್ ವರ್ಕ್ ಟುಗೆದರ್’ ಬಂತು. ಗಾಯಕ ಟೈ ಡಾಲಾ ಸೈನ್ ಜೊತೆ ಒಂದು ಹಾಡು, ಗಾಯಕಿ ಟೋರಿ ಕೆಲಿ ಜೊತೆ ಇನ್ನೊಂದು. ಟೋರಿ ಕೆಲಿ ದನಿ ಇರುವ ‘ಐಲ್ ಫೈಂಡ್ ಯೂ’ ಕ್ಯಾನ್ಸರ್‌ ಜೊತೆ ಹೋರಾಡುವವರನ್ನು ಮನಸ್ಸಲ್ಲಿಟ್ಟುಕೊಂಡ ಹಾಡು, ಮನಮುಟ್ಟುತ್ತದೆ. ಉಳಿದ ಆಲ್ಬಂ ನಯವಾಗಿದೆ, ಸ್ವಲ್ಪ ಜಾಸ್ತಿಯೇ ನಯ. ದೊಡ್ಡ ಲೇಬಲ್‌ನ ಒತ್ತಡ ಕಿವಿಗೆ ಗೊತ್ತಾಗುತ್ತದೆ.

2020ರ ಜೂನ್‌ನಲ್ಲಿ ಇನ್ನೊಂದು ಘಟನೆ. ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಅಟ್ಲಾಂಟಾದ ಪಾಸ್ಟರ್ ಲೂಯಿ ಗಿಗ್ಲಿಯೋ ಒಂದು ಸಂವಾದ ಇಟ್ಟರು. ಬಿಳಿಯರಿಗಿರುವ ಸವಲತ್ತನ್ನು ಬಿಳಿಯರ ಆಶೀರ್ವಾದ ಅಂತ ಕರೆಯೋಣವೇ ಅಂತ ಅವರು ಅಂದಾಗ ಪಕ್ಕದಲ್ಲೇ ಲೆಕ್ರೇ ಕೂತಿದ್ದರು. ಆಗ ಎದ್ದು ಎದುರಾಡಲಿಲ್ಲ. ಗಿಗ್ಲಿಯೋ ಆಮೇಲೆ ಕ್ಷಮೆ ಕೇಳಿದರು, ಲೆಕ್ರೇ ಕೂಡ ತಮಗಾದ ಇರಿಸುಮುರಿಸು ಹೇಳಿಕೊಂಡರು. ಈ ಸಲ ಬೈದವರು ಕಪ್ಪುಜನರೇ. ವೇದಿಕೆ ಹಂಚಿಕೊಳ್ಳುವುದು ಹಾಡು ಹಂಚಿಕೊಳ್ಳುವಷ್ಟೇ ತೂಕದ ಕೆಲಸ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು.

ಆ ವರ್ಷದ ‘ರೆಸ್ಟೊರೇಶನ್’ನಲ್ಲಿ ಖಿನ್ನತೆಯ ಮಾತಿದೆ, ಜಾನ್ ಲೆಜೆಂಡ್ ಜೊತೆಗಿನ ಹಾಡಿದೆ. 2022ರ ‘ಚರ್ಚ್ ಕ್ಲೋತ್ಸ್ 4’ರಲ್ಲಿ ‘ಡಿಕನ್‌ಸ್ಟ್ರಕ್ಷನ್’ ಅನ್ನುವ ಹಾಡು ಬಂತು. ನಂಬಿಕೆ ಹೇಗೆ ಒಂದೊಂದೇ ಇಟ್ಟಿಗೆಯಾಗಿ ಕಳಚಿತು ಅಂತ ಅಲಂಕಾರ ಇಲ್ಲದೆ ಹೇಳುತ್ತಾರೆ. ಇಷ್ಟು ಪ್ರಾಮಾಣಿಕವಾದ ಹಾಡು ಅವರಲ್ಲೇ ಇನ್ನೊಂದಿಲ್ಲ. 2024ರ ಫೆಬ್ರುವರಿಯಲ್ಲಿ ಆ ಆಲ್ಬಂಗೆ ಒಂದು ಗ್ರ್ಯಾಮಿ, ಟಾಶಾ ಕಾಬ್ಸ್ ಲೆನಾರ್ಡ್ ಜೊತೆಗಿನ ‘ಯುವರ್ ಪವರ್’ಗೆ ಇನ್ನೊಂದು. ಟಾಶಾ ಕಪ್ಪುಜನರ ಗಾಸ್ಪೆಲ್ ಪರಂಪರೆಯ ದೊಡ್ಡ ದನಿ. ಬಿಳಿಯರ ಪುಸ್ತಕದಂಗಡಿಯಿಂದ ಶುರುವಾದವರು ತಮ್ಮ ಅಜ್ಜಿಯರ ಚರ್ಚಿನ ದನಿಯ ಪಕ್ಕ ಬಂದು ನಿಂತದ್ದು ಸಣ್ಣ ಮಾತಲ್ಲ. ಅದೇ ರಾತ್ರಿ ಅಟ್ಲಾಂಟಾದವರೇ ಆದ ಕಿಲ್ಲರ್ ಮೈಕ್ ರ‍್ಯಾಪ್ ವಿಭಾಗಗಳಲ್ಲಿ ಮೂರು ಗ್ರ್ಯಾಮಿ ಗೆದ್ದರು. 2025ರ ‘ರೀಕನ್‌ಸ್ಟ್ರಕ್ಷನ್’ ಆಲ್ಬಂನಲ್ಲಿ ಅವರೂ, ಟ್ರ್ಯಾಪ್ ಅನ್ನುವ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಟಿ.ಐ. ಕೂಡ ಲೆಕ್ರೇ ಜೊತೆ ‘ಹೆಡ್‌ಫೋನ್ಸ್’ ಹಾಡಿನಲ್ಲಿದ್ದಾರೆ.

ಕ್ರೈಸ್ತ ರ‍್ಯಾಪರ್ ಅನ್ನುವ ಹಣೆಪಟ್ಟಿ ಬೇಡ ಅಂತ ಲೆಕ್ರೇ ಎಷ್ಟೋ ಸಲ ಹೇಳಿದ್ದಾರೆ. ನಾನು ಕ್ರೈಸ್ತ, ರ‍್ಯಾಪ್ ಮಾಡುತ್ತೇನೆ, ಅಷ್ಟೆ ಅನ್ನುವುದು ಅವರ ನಿಲುವು. ನಮ್ಮ ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ತಂದಾಗ ಅದರ ಹುಕ್‌ನಲ್ಲಿ ರಾಮನ ಭಜನೆಯೇ ಇತ್ತು. ಅವರನ್ನು ನಾವು ಬೆಂಗಳೂರಿನ ರ‍್ಯಾಪರ್ ಅಂತಲೇ ಕರೆದೆವು, ಹಾಡನ್ನು ಬೇರೆ ಕಪಾಟಿನಲ್ಲಿ ಇಡಲಿಲ್ಲ. ಅಮೆರಿಕದಲ್ಲಿ ಕಪಾಟು ಬೇರೆ, ರೇಡಿಯೋ ಬೇರೆ, ಪ್ರಶಸ್ತಿ ಬೇರೆ. ಗ್ರ್ಯಾಮಿಯಲ್ಲಿ ಕ್ರೈಸ್ತ ಸಂಗೀತಕ್ಕೂ ಗಾಸ್ಪೆಲ್‌ಗೂ ಬೇರೆ ಬೇರೆ ವಿಭಾಗ. ಆ ಗೆರೆ ಬಹುಪಾಲು ಚರ್ಮದ ಬಣ್ಣದ ಗೆರೆಯ ಜೊತೆಗೇ ಹೋಗುತ್ತದೆ. ಲೆಕ್ರೇ ಎರಡೂ ಕಡೆ ಗೆದ್ದಿದ್ದಾರೆ. ರ‍್ಯಾಪ್ ವಿಭಾಗದಲ್ಲಿ ಇನ್ನೂ ಗೆದ್ದಿಲ್ಲ.

ಈಗ ಗಾಳಿ ಬೇರೆ ಕಡೆಯಿಂದ ಬೀಸುತ್ತಿದೆ. 2025ರಲ್ಲಿ ಕ್ರೈಸ್ತ ಗಾಯಕರಾದ ಬ್ರ್ಯಾಂಡನ್ ಲೇಕ್ ಮತ್ತು ಫಾರೆಸ್ಟ್ ಫ್ರ್ಯಾಂಕ್ ಹಾಡುಗಳು ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿ ಹಾಟ್ 100ಕ್ಕೆ ಬಂದವು. ಬ್ರ್ಯಾಂಡನ್ ಲೇಕ್ ಜೈಲು ಕಂಡು ಬಂದ ಗಾಯಕ ಜೆಲ್ಲಿ ರೋಲ್ ಜೊತೆ ಹಾಡಿದರು. ಫಾರೆಸ್ಟ್ ಫ್ರ್ಯಾಂಕ್ ಹಾಡುಗಳ ಬೀಟ್ ಹಿಪ್-ಹಾಪ್‌ನದ್ದೇ, ಮೇಲೆ ಬಿಸಿಲಿನಂಥ ಪಾಪ್. ಇಬ್ಬರೂ ಬಿಳಿಯರು, ಇಬ್ಬರೂ ಒಳ್ಳೆಯ ಹಾಡುಗಾರರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಬೀದಿಯ ಬೀಟ್ ಮೇಲೆ ಯೇಸುವಿನ ಹೆಸರು ಹಾಡಬಹುದು, ಹೊರಗಿನವರನ್ನು ಜೊತೆಗೆ ಕರೆಯಬಹುದು ಅಂತ ತೋರಿಸಲು ಲೆಕ್ರೇ 2012ರಿಂದ ಪಟ್ಟ ಪಾಡನ್ನು ಈಗ ಕ್ರೈಸ್ತ ರೇಡಿಯೋ ಹಾಕುವ ಹಾಡುಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗೋದಿಲ್ಲ. ರೀಚ್ ಮೂಲಕ ಹೆಸರಾದ ಹಲ್ವಿ, ವಾಂಡೆ, ವಾನ್‌ಕೆ ಫ್ಯೂ ಇವರೆಲ್ಲ ಅದೇ ರೇಡಿಯೋದ ಬಾಗಿಲು ತಟ್ಟುತ್ತಿದ್ದಾರೆ. ಹಾಡುವ ದನಿಯೊಂದನ್ನು ಜೊತೆಗೆ ಕರೆತನ್ನಿ ಅನ್ನುವ ಹಳೆಯ ಷರತ್ತು ಇವರಿಗೂ ಇದೆ.